ಕಪ್ಪು ಪ್ಯಾಡು ತೊಳೆದ ವಾರ

ಹೊಸ ಪ್ಯಾಡು ಅಂದುಕೊಂಡು ನೀರಿಗೆ ಅದ್ದಿದರೆ ಕೆಂಪು ನೀರು ಬಂತು.

ಫೋಮ್ ಪ್ಯಾಡನ್ನು ಮೊದಲ ಸಲ ಪಾಲಿಶ್ ಮಶೀನಿಗೆ ಹಾಕುವ ಮುಂಚೆ ಬರೀ ನೀರಿನಲ್ಲಿ ಒಮ್ಮೆ ಅದ್ದಿ ಅದುಮಬೇಕು, ಒಳಗೆ ಧೂಳುಗೀಳು ಇದ್ದರೆ ಹೋಗುತ್ತದೆ ಎಂದು ನನ್ನ ಗಂಡ ಕಾಗದದಲ್ಲಿ ಬರೆದಿದ್ದರು. ಅದರಂತೆ ಶೆಡ್ಡಿನ ಹಿಂದಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಹಳದಿ ಪ್ಯಾಡನ್ನು ಅದುಮಿದೆ, ಏನೂ ಬರಲಿಲ್ಲ. ಬಿಳಿಯದನ್ನು ಅದುಮಿದೆ, ಏನೂ ಬರಲಿಲ್ಲ. ಕಪ್ಪನೆಯದನ್ನು ಅಂಗೈಯಲ್ಲಿಟ್ಟು ಒತ್ತಿದಾಗ ಕುಂಕುಮ ಕದಡಿದ ಹಾಗೆ ಬಕೆಟ್ಟೆಲ್ಲ ಕೆಂಪಾಯಿತು.

ನನ್ನ ಗಂಡ ದುಬೈಗೆ ಹೋಗಿ ಆಗ ಎರಡು ವರ್ಷ ತುಂಬುತ್ತಾ ಬಂದಿತ್ತು. ಅಲ್ಲಿ ಕಾರು ಪಾಲಿಶ್ ಮಾಡುವ ಕೆಲಸ. ಹೋಗುವ ಮುಂಚೆ ಹುಣಸೂರಿನಲ್ಲಿ, ಮಡಿಕೇರಿ ರಸ್ತೆಯ ಬದಿಯ ಒಂದು ಟಿಂಕರ್ ಶೆಡ್ಡಿನ ಮೂಲೆಯಲ್ಲಿ ಮಾಡುತ್ತಿದ್ದುದೂ ಅದೇ. ಪಿರಿಯಾಪಟ್ಟಣದ ಕಡೆಯವರೊಬ್ಬರು ರಜೆಗೆ ಬರುವಾಗ ಅವರ ಕೈಯಲ್ಲಿ ಮೂರು ಪ್ಯಾಡು ಕಳಿಸಿದ್ದರು. ‘ಮೂರೂ ಹೊಸವು, ಜೋಪಾನ’ ಎಂದು ಕಾಗದದಲ್ಲಿತ್ತು. ಹೊಸದಾಗಿದ್ದರೆ ಈ ಕೆಂಪು ಎಲ್ಲಿಂದ? ಯಾವುದೋ ಕೆಂಪು ಕಾರನ್ನು ಉಜ್ಜಿದ ಪ್ಯಾಡು ಅದು. ಅವರೇ ಉಜ್ಜಿ, ಅವರೇ ತೊಳೆದು, ಪೂರ್ತಿ ತೊಳೆಯದೆ ಕವರಿಗೆ ಹಾಕಿ, ಹೊಸದು ಅಂತ ಬರೆದಿದ್ದಾರೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಮನೆಯವರೆಲ್ಲ ಹೇಳುತ್ತಾರೆ. ಅವತ್ತು ಮಾತ್ರ ಸಿಟ್ಟು ಬರಲಿಲ್ಲ. ಅವರ ಕೈಯಿಂದ ಬಂದ ಕೆಂಪಲ್ಲವೇ ಅನ್ನಿಸಿ, ಆ ನೀರನ್ನು ಚರಂಡಿಗೆ ಚೆಲ್ಲಲು ಮನಸ್ಸಾಗದೆ ಬಕೆಟ್ಟನ್ನು ಹಾಗೇ ಬಿಟ್ಟು ಒಳಗೆ ಬಂದೆ. ಸಂಜೆ ಟಿಂಕರ್ ಮೇಸ್ತ್ರಿ ಅದರಲ್ಲೇ ಕೈ ತೊಳೆದು ಚೆಲ್ಲಿದರು.

ಈ ಮೇಸ್ತ್ರಿಯದೇ ಶೆಡ್ಡು. ಕಾರಿನ ತಗ್ಗು ಉಬ್ಬು ಬಡಿದು ಸರಿಮಾಡುವುದು ಅವರ ಕೆಲಸ. ಬಣ್ಣ ಹೊಡೆದ ಮೇಲೆ ಹೊಳಪು ತರುವುದಕ್ಕೆ ನನ್ನ ಗಂಡ ಇದ್ದರು. ಮಧ್ಯಾಹ್ನ ಬುತ್ತಿ ತರುತ್ತಿದ್ದ ನಾನು ಅಲ್ಲೇ ನಿಂತು ನೋಡಿ, ಆಮೇಲೆ ಬಟ್ಟೆ ಹಿಡಿದು, ಆಮೇಲೆ ಮಶೀನನ್ನೇ ಹಿಡಿದು ಕಲಿತವಳು. ಅವರು ಹೋದ ಮೇಲೆ ಮೂಲೆ ಖಾಲಿ ಬೀಳಬಾರದೆಂದು ನಾನೇ ಬರತೊಡಗಿದೆ. ಹೆಂಗಸು ಕಾರು ಉಜ್ಜುವುದನ್ನು ನೋಡಲು ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬರುತ್ತಿದ್ದವು. ನೋಡುವವರಿದ್ದರು, ಗಾಡಿ ಕೊಡುವವರು ಕಮ್ಮಿ.

ಆ ಆಷಾಢದಲ್ಲಿ ಮೇಸ್ತ್ರಿ ಒಂದು ದಿನ ಟೀ ಲೋಟ ಕೆಳಗಿಟ್ಟು ಹೇಳಿದರು: “ಅವ್ವಾ, ಬ್ಯಾಸರ ಮಾಡ್ಕಬ್ಯಾಡ. ಮೈಸೂರ್‌ನಿಂದ ಒಬ್ಬ ಪಾಲಿಶ್‌ನವ್ನು ಈ ಮೂಲೆ ಕೇಳ್ತಾವ್ನೆ. ಗೌರಿ ಅಬ್ಬ ಗಂಟ ನೋಡ್ತೀನಿ. ನಿನ್ನ ಗಂಡಂಗೂ ಒಂದು ಮಾತು ಏಳ್ಬುಡು.”

ಹೇಳಿದೆ. ಮೊಬೈಲು ಇನ್ನೂ ನಮ್ಮಂಥವರ ಕೈಗೆ ಬಂದಿರದ ಕಾಲ. ಶುಕ್ರವಾರ ಅವರಿಗೆ ರಜ. ಸಂಜೆ ನಾಲ್ಕಕ್ಕೆ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತಿದ್ದರು. ವಾರದ ಆರು ದಿನ ನಾನು ಆ ನಾಲ್ಕು ಗಂಟೆಯ ಕಡೆಗೇ ಮುಖಮಾಡಿ ಬದುಕುತ್ತಿದ್ದೆ ಎಂದರೆ ಈಗಿನವರು ನಗಬಹುದು.

“ನಂದೂ ಒಂದು ಇಕ್ಕಟ್ಟೈತೆ ಕಣೆ,” ಎಂದರು. “ಕಂಪನಿಯೋರು ಇನ್ನೆರಡು ವರ್ಷಕ್ಕೆ ಸೈನ್ ಮಾಡು, ಇಲ್ದಿದ್ರೆ ಊರಿಗೋಗು ಅಂತಾವ್ರೆ. ಇನ್ನು ಮೂರು ವಾರದಾಗೆ ಏಳ್ಬೇಕು. ಅಲ್ಲಿ ಆ ಮೂಲೆ ಉಳುದ್ರೆ ಬಂದ್ಬುಡ್ತೀನಿ. ಮೂಲೇನೂ ಓದ್ರೆ ಅಲ್ಬಂದು ಏನ್ ಮಾಡ್ಲಿ, ಏಳು?”

“ಉಳೀತದೆ,” ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ಗೊತ್ತಿಲ್ಲ. ಅವರು ಬರಬೇಕಿತ್ತು, ಅಷ್ಟೇ. ಹೊಸಿಲಲ್ಲಿ ಚಪ್ಪಲಿ ಬಿಟ್ಟು ಕೆಮ್ಮುತ್ತಾ ಒಳಗೆ ಬರಬೇಕಿತ್ತು.

ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ, ಸೋಮವಾರ ಬೆಳಿಗ್ಗೆ, ಬಿಳಿ ಅಂಬಾಸಡರ್ ಒಂದು ಶೆಡ್ಡಿನ ಮುಂದೆ ನಿಂತಿತು. ಇಳಿದವರು ಬೈಲಕುಪ್ಪೆಯ ಟ್ಯಾಕ್ಸಿ ಮಾಲೀಕರು. ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲೇ ಹುಟ್ಟಿ, ಪಿರಿಯಾಪಟ್ಟಣದ ಸಂತೆಯಲ್ಲಿ ಕನ್ನಡ ಕಲಿತವರು. ನಮಗಿಂತ ನಾಲ್ಕು ‘ಕಣವ್ವ’ ಜಾಸ್ತಿಯೇ ಸೇರಿಸುತ್ತಿದ್ದರು. ಅವರ ಹತ್ತಿರ ಒಟ್ಟು ಐದು ಗಾಡಿ.

“ಶನಿವಾರ ನಮ್ಮ ಗುರುಗಳು ಒಬ್ರು ಬತ್ತಾವ್ರೆ ಕಣವ್ವ. ಇದ್ರಾಗೆ ಕರ್ಕಂಡ್ ಬರ್ಬೇಕು. ಶುಕ್ರವಾರ ಐದು ಗಂಟೆಗೆ ಬತ್ತೀನಿ. ಇದು ಸರಿಯಾಗಿ ಎದ್ರೆ ಮಿಕ್ಕಿದ್ ನಾಕೂ ತಿಂಗ್ಳು ತಿಂಗ್ಳು ನಿನ್ ತಾವ್ಲೇ.”

ಅವರು ಹೋದ ಮೇಲೆ ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಬೆರಳಾಡಿಸಿ, ಸುಣ್ಣದ ಹಾಗೆ ಹತ್ತಿದ್ದನ್ನು ನನಗೆ ತೋರಿಸಿದರು. ಬಿಸಿಲಿಗೆ ಬಣ್ಣ ಸತ್ತು ಪುಡಿಯಾಗಿತ್ತು. “ಇದ್ನ ಎಬ್ಬಿಸ್ಬುಟ್ರೆ ಮೂಲೆ ನಿಂದೇ ಬುಡವ್ವ. ಮೈಸೂರ್‌ನವ್ನಿಗೆ ಇಲ್ಲ ಅಂದ್ಬುಡ್ತೀನಿ.”

ನನ್ನ ಗಂಡನಿಗೆ ಕಂಪನಿ ಕೊಟ್ಟ ಗಡುವು ಅದೇ ಶನಿವಾರ. ನನ್ನ ಲೆಕ್ಕ ಸುಲಭವಾಗಿತ್ತು. ಕಾರು ಹೊಳೆದರೆ ಅವರು ಬರುತ್ತಾರೆ.

ಫೋಮ್ ಪ್ಯಾಡಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ನೋಡಲು ದೊಡ್ಡ ಇಡ್ಲಿಯಷ್ಟು ದಪ್ಪ, ಊಟದ ತಟ್ಟೆಯಷ್ಟು ಅಗಲ. ಹಿಂದುಗಡೆ ಮಕ್ಕಳ ಚಪ್ಪಲಿ ಪಟ್ಟಿಯಲ್ಲಿರುವಂಥ ಚರ್ರನೆ ಕಿತ್ತು ಬರುವ ಬಟ್ಟೆ ಅಂಟಿಸಿರುತ್ತಾರೆ, ಅದು ಮಶೀನಿನ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಹಳದಿ ಗಟ್ಟಿ, ಸತ್ತ ಬಣ್ಣವನ್ನು ಕೆರೆದು ತೆಗೆಯುವುದಕ್ಕೆ. ಬಿಳಿ ನಡುವಿನದು. ಕಪ್ಪು ಬೆಣ್ಣೆಯಷ್ಟು ಮೆತ್ತಗೆ, ಕೊನೆಯ ಹೊಳಪಿಗೆ ಮಾತ್ರ. ಉಜ್ಜುತ್ತಾ ಹೋದಂತೆ, ಹೊಳಪಿಗೆ ಹಚ್ಚುವ ಕಾಂಪೌಂಡ್ ಪೇಸ್ಟೂ ಸತ್ತ ಬಣ್ಣವೂ ಫೋಮಿನ ತೂತುಗಳಲ್ಲಿ ತುಂಬಿ ಗಟ್ಟಿಯಾಗುತ್ತವೆ. ಆಮೇಲೆ ಪ್ಯಾಡು ಬಿಸಿಯಾಗಿ, ಉಜ್ಜುವುದು ಬಿಟ್ಟು ಗೀರತೊಡಗುತ್ತದೆ. ಗೀರಿದ್ದು ನೆರಳಲ್ಲಿ ಕಾಣುವುದಿಲ್ಲ, ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೆರೆ. ಆದ್ದರಿಂದ ಕಾರು ತೊಳೆಯುವುದಕ್ಕಿಂತ ಪ್ಯಾಡು ತೊಳೆಯುವುದೇ ದೊಡ್ಡ ಕೆಲಸ. ಹಿಂಡುವಂತಿಲ್ಲ, ಹಿಂಡಿದರೆ ಅಂಟು ಬಿಡುತ್ತದೆ. ಬಟ್ಟೆ ಸೋಪಿನ ಪುಡಿ ಹಾಕಿದರೆ ಒಳಗೇ ಉಳಿದು ಫೋಮು ಒರಟಾಗುತ್ತದೆ. ನಾನು ಅಂಟುವಾಳದ ಕಾಯಿ ನೆನೆಸಿದ ಉಗುರುಬೆಚ್ಚಗಿನ ನೀರು ಬಳಸುತ್ತಿದ್ದೆ. ನನ್ನ ತವರು ಅಂತರಸಂತೆ. ಅಲ್ಲಿನ ಸಂತೆಯಲ್ಲಿ ಕಾಡಿನಿಂದ ಬಂದ ಅಂಟುವಾಳ ಕೊಂಡು ಅವ್ವ ಚೀಲದಲ್ಲಿ ಕಟ್ಟಿ ಕಳಿಸುತ್ತಿದ್ದಳು. ನನ್ನ ಗಂಡನೂ ನಾನೂ ದಿನವಿಡೀ ಕೆಲಸ ಮಾಡಿ ಸಂಜೆ ಒಂದೇ ಸಲ ಎಲ್ಲ ಪ್ಯಾಡು ತೊಳೆದು ಆರಹಾಕುವುದು ರೂಢಿ.

ಸೋಮವಾರ ಕಾರು ತೊಳೆದು, ಗಾಜಿನ ಅಂಚಿಗೆಲ್ಲ ಟೇಪು ಸುತ್ತುವುದರಲ್ಲಿ ಹೊತ್ತು ಹೋಯಿತು. ಮಂಗಳವಾರ ಹಳದಿ ಪ್ಯಾಡು ಹಾಕಿ ಮೇಲ್ಛಾವಣಿಯನ್ನೂ ಬಾನೆಟ್ಟನ್ನೂ ಕೆರೆದೆ, ಬಿಳಿಯದರಲ್ಲಿ ಮೇಲ್ಛಾವಣಿಯ ಅರ್ಧ ಉಜ್ಜಿದೆ. ಸುಣ್ಣದಂತಿದ್ದ ಬಿಳಿ ಒಳಗಿಂದ ಹಾಲಿನ ಬಿಳಿ ಎದ್ದು ಬಂತು. ಸಂಜೆ ಎರಡನ್ನೂ ತೊಳೆದೆ. ಆದರೆ ಹೊರಗೆ ಜಡಿಮಳೆ. ಅಂಥ ಹವೆಯಲ್ಲಿ ಫೋಮು ಒಣಗಲು ಮೂರು ದಿನ ಬೇಕು.

ನಮ್ಮ ಊರು ಹುಣಸೂರಿನಿಂದ ಕೆ.ಆರ್. ನಗರದ ರಸ್ತೆಯಲ್ಲಿ. ಹೊಗೆಸೊಪ್ಪಿನ ಊರು. ಮಳೆಗಾಲದಲ್ಲಿ ಮನೆಮನೆಯ ಹಿಂದಿನ ಬ್ಯಾರನ್ನುಗಳು, ಎಂದರೆ ಸೊಪ್ಪು ಬೇಯಿಸುವ ಎತ್ತರದ ಗೂಡುಗಳು, ಹಗಲಿರುಳು ಉರಿಯುತ್ತಿರುತ್ತವೆ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಮೇಲಿಂದ ಕೆಳಗೆ ತೂಗುಹಾಕಿ, ತಗಡಿನ ಕೊಳವೆಯಲ್ಲಿ ಬೆಂಕಿಯ ಕಾವು ಹರಿಸುತ್ತಾರೆ. ಹಾಗಾಗಿ ನಮ್ಮ ಕಡೆ ಆ ಕಾಲದಲ್ಲಿ ಏನು ಒದ್ದೆಯಾದರೂ ಬ್ಯಾರನ್ನಿಗೆ. ಮಕ್ಕಳ ಯೂನಿಫಾರಂ, ಗೋಣಿತಾಟು, ಕಂಬಳಿ, ನೆಂದ ಪಠ್ಯಪುಸ್ತಕ ಎಲ್ಲ ಅದರೊಳಗೆ ಒಣಗಿದ್ದೇ. ಯಾರೂ ಎರಡು ಸಲ ಯೋಚಿಸುವುದಿಲ್ಲ, ನಾನೂ ಯೋಚಿಸಲಿಲ್ಲ. ಮನೆಗೆ ಬಂದವಳೇ ಹಳದಿ, ಬಿಳಿ ಎರಡನ್ನೂ ಸೊಪ್ಪಿನ ಕಡ್ಡಿಗಳ ನಡುವೆ ದಾರ ಕಟ್ಟಿ ನೇತುಹಾಕಿದೆ. ಕಪ್ಪು ಇನ್ನೂ ಬಳಸಿರಲಿಲ್ಲವಾದ್ದರಿಂದ ಶೆಡ್ಡಿನ ಡಬ್ಬದಲ್ಲೇ ಇತ್ತು.

ಬುಧವಾರ ಬೆಳಿಗ್ಗೆ ತೆಗೆದರೆ ಹಪ್ಪಳದಂತೆ ಒಣಗಿದ್ದವು. ಎಷ್ಟು ಹಗುರ, ಎಷ್ಟು ಬೆಚ್ಚಗೆ! ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ನಮ್ಮ ಬಸ್ಸಿನಲ್ಲಿ ಎಲ್ಲರಿಂದಲೂ ಅದೇ ವಾಸನೆ.

ಬಾನೆಟ್ಟಿಗೆ ಕಾಂಪೌಂಡು ಹಚ್ಚಿ, ಬಿಳಿ ಪ್ಯಾಡು ಸಿಕ್ಕಿಸಿ ಮಶೀನು ಚಾಲೂ ಮಾಡಿದೆ. ನಾಲ್ಕು ಸುತ್ತು ಸರಿಯಾಗಿಯೇ ಹೋಯಿತು. ಪ್ಯಾಡು ಬಿಸಿಯಾದದ್ದೇ ತಡ, ಬಿಳಿ ಬಾನೆಟ್ಟಿನ ಮೇಲೆ ಕಂದು ಬಣ್ಣದ ಬಳೆಗಳು ಮೂಡತೊಡಗಿದವು. ಸೊಪ್ಪಿನ ಜಿಗುಟು ಫೋಮಿಗೆ ಹತ್ತಿ, ಈಗ ಕಾವಿಗೆ ಕರಗಿ ಕಾರಿಗೆ ಬಳಿದುಕೊಳ್ಳುತ್ತಿದೆ ಎಂದು ತಿಳಿಯುವಷ್ಟರಲ್ಲಿ ಹಿಂದಿನ ಬಟ್ಟೆಯ ಅಂಟು ಬಿಟ್ಟು, ಫೋಮು ಹಾರಿ ಶೆಡ್ಡಿನ ಆ ಬದಿಗೆ ಹೋಗಿ ಮೇಸ್ತ್ರಿಯ ಟೀ ಲೋಟಕ್ಕೆ ಬಡಿಯಿತು. ಬ್ಯಾರನ್ನಿನ ಕಾವಿಗೆ ಅಂಟು ಮೊದಲೇ ಬೆಂದು ಹೋಗಿತ್ತು. ಹಳದಿಯದನ್ನು ಅದುಮಿ ನೋಡಿದೆ. ಒಣಗಿದ ರಾಗಿ ರೊಟ್ಟಿಯ ಹಾಗೆ ಅಂಚು ಮುರಿದು ಕೈಗೆ ಬಂತು.

“ಯಾರಾದ್ರೂ ಸ್ಪಂಜ್‌ನ ಬ್ಯಾರನ್‌ಗೆ ಆಕ್ತಾರೇನವ್ವಾ!” ಮೇಸ್ತ್ರಿ ಅಂಗಿಯ ಮೇಲಿನ ಟೀ ಒರೆಸಿಕೊಳ್ಳುತ್ತಾ ಕೂಗಿದರು.

“ನಿಮ್ಮ ಮಗನ ಮದ್ವೆ ಪಂಚೆ ಎಲ್ ಒಣಗ್ಸಿದ್ರಿ ಓದ್ವರ್ಷ?” ಎಂದು ನಾನೂ ಕೂಗಿದೆ. ಅವರು ಲೋಟ ಎತ್ತಿಕೊಂಡು ತೊಳೆಯಲು ಹೋದರು. ನಾನು ಟಯರಿನ ಮೇಲೆ ಕುಳಿತು ಅತ್ತೆ. ಪ್ಯಾಡು ಹೋಯಿತೆಂದಲ್ಲ. ನನ್ನ ಗಂಡ ಅಲ್ಲಿಂದ ಕಳಿಸಿದ್ದನ್ನು ನನ್ನ ಕೈಯಾರೆ ಬೇಯಿಸಿದೆನಲ್ಲ ಎಂದು. ಅವರ ದಾರಿಯನ್ನೇ ಮುಚ್ಚಿದೆನಲ್ಲ ಎಂದು.

ಮೈಸೂರಿನ ಅಂಗಡಿಗೆ ಫೋನು ಮಾಡಿಸಿದೆವು. ಉಣ್ಣೆಯ ಪ್ಯಾಡು ಇದೆ, ಫೋಮು ಬೆಂಗಳೂರಿನಿಂದ ತರಿಸಬೇಕು, ಒಂದು ವಾರ ಅಂದರು. ಉಣ್ಣೆಯದು ನನ್ನ ಬಳಿಯೂ ಇತ್ತು, ಅದು ಗೆರೆ ಬಿಡುತ್ತದೆ. ಮಿಕ್ಕಿದ್ದು ಡಬ್ಬದಲ್ಲಿದ್ದ ಕಪ್ಪು ಒಂದೇ.

ಮೇಸ್ತ್ರಿ ಹತ್ತಿರ ಬಂದು ದನಿ ತಗ್ಗಿಸಿದರು. “ನೋಡು, ಉಣ್ಣೆದ್ರಲ್ಲೇ ಒಂದ್ ಕೈ ಒಡ್ದು ಮ್ಯಾಲೆ ದಪ್ಪಗೆ ಮೇಣ ಬಳ್ದ್‌ಬುಡು. ಗೆರೆ ಎಲ್ಲಾ ಮುಚ್ಕತದೆ. ಶನಿವಾರ ಗುರುಗಳು ಬಂದು ಓಗೋ ಗಂಟ ಕನ್ನಡಿ ಇದ್ದಂಗಿರ್ತದೆ.”

“ಆಮೇಲೆ?”

“ಆಮೇಲೆ ಮಳೆ ಬತ್ತದೆ, ಓಯ್ತದೆ. ಅಷ್ಟೊತ್ಗೆ ನಿನ್ ಗಂಡ ಟಿಕೀಟ್ ತಗಂಡಿರ್ತಾನೆ.”

ಮನಸ್ಸು ಆ ಕಡೆ ವಾಲಿತು, ಸುಳ್ಳು ಹೇಳಬಾರದು. ಅವರು ಟಿಕೀಟು ತೆಗೆದುಕೊಂಡರೆ ಸಾಕು ಅಂತಲೇ ಅನ್ನಿಸಿತು. ಆದರೆ ಮೇಣ ಕರಗಿದ ಮೇಲೆ ಟ್ಯಾಕ್ಸಿಯವರು ಮಿಕ್ಕ ನಾಲ್ಕು ಗಾಡಿ ತರುತ್ತಾರೆಯೇ? ಬಂದ ಗಂಡನನ್ನು ಖಾಲಿ ಮೂಲೆಯಲ್ಲಿ ಕೂರಿಸಿಕೊಂಡು ಏನು ಮಾಡಲಿ? ಮತ್ತೆ ಮೂರು ತಿಂಗಳಿಗೆ ಅದೇ ಪಾಸ್‌ಪೋರ್ಟು, ಅದೇ ಬಸ್ ಸ್ಟ್ಯಾಂಡು. ಇನ್ನೊಂದು ಸಲ ಅವರನ್ನು ಬಸ್ಸು ಹತ್ತಿಸುವ ಶಕ್ತಿ ನನ್ನಲ್ಲಿರಲಿಲ್ಲ.

ಕಪ್ಪು ಪ್ಯಾಡೊಂದರಲ್ಲೇ ಇಡೀ ಕಾರು ಮಾಡುತ್ತೇನೆ ಅಂದೆ. ಮೆತ್ತನೆಯದು, ನಿಧಾನ, ಬೇಗ ತುಂಬಿಕೊಳ್ಳುತ್ತದೆ. ತುಂಬಿದ ಕೂಡಲೇ ತೊಳೆಯುವುದು. ಸಂಜೆಗೆ ಕಾಯುವುದಿಲ್ಲ, ಒಂದೊಂದು ಬಾಗಿಲಿಗೂ ತೊಳೆಯುವುದು.

ಅಷ್ಟರಲ್ಲಿ ಟ್ಯಾಕ್ಸಿಯವರೇ ಇನ್ನೊಂದು ಗಾಡಿಯಲ್ಲಿ ಆ ದಾರಿಯಾಗಿ ಹೋಗುವಾಗ ನಿಲ್ಲಿಸಿದರು. ಬಾನೆಟ್ಟನ್ನು ಬಟ್ಟೆಯಿಂದ ಮುಚ್ಚಬೇಕು ಅಂತ ನನ್ನ ಕೈ ಎದ್ದಿತು, ಮತ್ತೆ ಇಳಿಸಿದೆ. ಆದದ್ದನ್ನು ಆದಂತೆ ಹೇಳಿದೆ. ಅವರು ಬಗ್ಗಿ ಮೂಸಿ ನೋಡಿದರು.

“ನಮ್ ಗಾಡಿಗೆ ಬೀಡಿ ಸೇದಕ್ಕೆ ಕಲಿಸ್ಬುಟ್ಯಲ್ಲವ್ವ,” ಎಂದರು. ನಗಲಿಲ್ಲ. “ಗುರುಗಳು ಕೂರೋ ಗಾಡಿ ಕಣವ್ವ ಇದು. ಶುಕ್ರವಾರ ಐದು ಗಂಟೆ. ಆಗಿಲ್ಲ ಅಂದ್ರೆ ಇಂಗೇ ತಗಂಡೋಯ್ತೀನಿ, ಮಿಕ್ಕಿದ್ ಗಾಡಿ ಮಾತು ಬ್ಯಾಡ.”

ಬಾನೆಟ್ಟಿನ ಜಿಗುಟಿಗೆ ದಾರಿ ಹೇಳಿದವರು ನಮ್ಮತ್ತೆ. ಸೊಪ್ಪು ಮುರಿದು ಮುರಿದು ಕೈ ಕಪ್ಪಗಾದಾಗ ನಮ್ಮ ಹೆಂಗಸರು ಹುಣಸೆಹುಳಿ ಹಾಕಿ ತಿಕ್ಕುತ್ತಾರೆ. “ಕೈಗೆ ಬುಡೋದು ಕಾರಿಗೆ ಬುಡಲ್ವಾ?” ಎಂದು ಬುಧವಾರ ಸಂಜೆ ಒಂದು ಉಂಡೆ ಹುಳಿ ನೆನೆಸಿ ಸೋಸಿ ಬಾಟಲಿಗೆ ಹಾಕಿಕೊಟ್ಟರು. ಗುರುವಾರ ಬೆಳಕು ಹರಿಯುತ್ತಲೇ ಶೆಡ್ಡಿಗೆ ಬಂದು ಅದನ್ನು ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಅದ್ದಿ ಒರೆಸಿ, ತಕ್ಷಣ ನೀರು ಹಾಕಿದೆ. ಮುಕ್ಕಾಲು ಹೋಯಿತು. ಬಳೆಗಳ ನೆರಳು ಉಳಿಯಿತು, ಅದು ಉಜ್ಜಿಯೇ ಹೋಗಬೇಕು. ಬಾನೆಟ್ಟನ್ನು ಕೊನೆಗೆ ಇಟ್ಟುಕೊಂಡೆ.

ಏಳು ಗಂಟೆಗೆ ಮಶೀನು ಶುರು ಮಾಡಿದೆ. ಒಂದು ಬಾಗಿಲಿನ ಅರ್ಧಕ್ಕೆ ಕಾಂಪೌಂಡು, ಎರಡು ಕೈ ಅಡ್ಡ, ಎರಡು ಕೈ ಉದ್ದ. ಪ್ಯಾಡಿನ ಮೇಲೆ ಬೆನ್ನುಗೈ ಇಟ್ಟು ನೋಡುವುದು. ಬಿಸಿ ಅನ್ನಿಸಿದರೆ ನಿಲ್ಲಿಸಿ, ಮಶೀನನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನಿಧಾನಕ್ಕೆ ತಿರುಗಿಸುತ್ತಾ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ನಡುವಿನಿಂದ ಅಂಚಿಗೆ ಎಳೆಯುವುದು. ಗಟ್ಟಿ ಕಟ್ಟಿದ್ದು ಪುಡಿಯಾಗಿ ಹಾರುತ್ತದೆ. ಬಾಗಿಲು ಪೂರ್ತಿ ಮುಗಿದಾಗ ಪ್ಯಾಡು ಬಿಚ್ಚಿ ಅಂಟುವಾಳದ ನೀರಿಗೆ. ಬಟ್ಟೆ ಅಂಟಿಸಿದ ಬದಿ ನೆನೆಯದಂತೆ ಮೇಲಕ್ಕಿಟ್ಟು, ಅಂಗೈಯಿಂದ ಒತ್ತಿ ಬಿಡುವುದು, ಒತ್ತಿ ಬಿಡುವುದು. ಹಾಲಿನಂಥ ನೀರು ಬರುತ್ತದೆ. ನೀರು ಬದಲಿಸಿ ಮತ್ತೆ ಒತ್ತುವುದು. ತಿಳಿಯಾದ ಮೇಲೆ ಟವೆಲಿನ ನಡುವೆ ಅದುಮಿ, ಮಶೀನಿಗೆ ಹಾಕಿ, ಖಾಲಿ ಪೇಂಟು ಡ್ರಮ್ಮಿನೊಳಗೆ ಇಳಿಬಿಟ್ಟು ಜೋರಾಗಿ ತಿರುಗಿಸುವುದು. ಉಳಿದ ನೀರೆಲ್ಲ ಡ್ರಮ್ಮಿನ ಗೋಡೆಗೆ ಸಿಡಿದು ಹೋಗುತ್ತದೆ. ಡ್ರಮ್ಮಿನ ಉಪಾಯ ನನ್ನದೇ. ಮೊದಲ ಸಲ ಡ್ರಮ್ಮಿಲ್ಲದೆ ತಿರುಗಿಸಿ ನಾನೂ ಮೇಸ್ತ್ರಿಯೂ ಮಿಂದಿದ್ದೆವು.

ಪೂರ್ತಿ ಒಣಗಬೇಕಾಗಿಯೇ ಇರಲಿಲ್ಲ ಎಂದು ಗೊತ್ತಾದದ್ದು ಅವತ್ತು. ತೇವವಿದ್ದ ಪ್ಯಾಡು ತಣ್ಣಗೆ, ಗೀರದೆ, ಇನ್ನೂ ಚೆನ್ನಾಗಿ ಉಜ್ಜಿತು. ಒಣಗಿಸುವ ಅವಸರಕ್ಕೆ ಎರಡು ಪ್ಯಾಡು ಸುಟ್ಟುಕೊಂಡವಳು ನಾನು! ಮಧ್ಯಾಹ್ನ ಕರೆಂಟು ಹೋಗಿ ಎರಡು ತಾಸು ಕೈಕಟ್ಟಿ ಕುಳಿತೆವು. ಆದರೂ ಗುರುವಾರ ಮುಗಿಯುವಾಗ ಮೇಲ್ಛಾವಣಿ, ಡಿಕ್ಕಿ, ಎಡಬದಿಯ ಎರಡು ಬಾಗಿಲು ಆಗಿದ್ದವು. ಪ್ಯಾಡನ್ನು ಎಷ್ಟು ಸಲ ತೊಳೆದೆನೋ, ಬೆರಳ ತುದಿಗಳು ಮುದುಡಿ ಮುದುಕಿಯ ಕೈಯಾಗಿದ್ದವು. ಪ್ರತಿ ಸಲ ಒತ್ತುವಾಗಲೂ ಒಂದೇ ಯೋಚನೆ. ಇದೇ ಫೋಮನ್ನು ಅವರ ಅಂಗೈಯೂ ಹೀಗೇ ಒತ್ತಿತ್ತು. ಎಲ್ಲಿ ಕುಳಿತು ತೊಳೆದರೋ, ಯಾವ ಬಕೆಟ್ಟಿನಲ್ಲೋ. ಅವರ ಮುಖ ನೆನಪಿಗೆ ತಂದುಕೊಳ್ಳಲು ಹೋದರೆ ಫೋಟೋದಲ್ಲಿನ ಮುಖವೇ ಬರುತ್ತಿತ್ತು, ನಿಜವಾದದ್ದು ಬರುತ್ತಿರಲಿಲ್ಲ. ಕೈ ಮಾತ್ರ ಸರಿಯಾಗಿ ನೆನಪಿತ್ತು.

ಶುಕ್ರವಾರ ಬಲಬದಿ ಮುಗಿದಾಗ ಮೂರು ಗಂಟೆ. ಮಡ್‌ಗಾರ್ಡುಗಳನ್ನು ಉಜ್ಜಿ, ಪ್ಯಾಡು ತೊಳೆದು, ಬಾನೆಟ್ಟಿಗೆ ಬರುವಾಗ ಮೂರೂ ಮುಕ್ಕಾಲು. ಮಳೆ ಬಿಟ್ಟು ಬಿಸಿಲು ಬಂದಿತ್ತು. ಬಾನೆಟ್ಟಿನ ಅರ್ಧಕ್ಕೆ ಕಾಂಪೌಂಡು ಹಚ್ಚಿದ್ದೆ. ಕಂದು ಬಳೆಗಳು ಒಂದೊಂದಾಗಿ ಅಳಿಯುತ್ತಿದ್ದವು.

“ನಾಕು ಗಂಟೆ ಆಯ್ತಾ ಬಂತು ಕಣವ್ವ,” ಎಂದರು ಮೇಸ್ತ್ರಿ. “ಫೋನ್ ಬತ್ತದಲ್ಲ.”

ಬೂತಿಗೆ ಹತ್ತು ನಿಮಿಷದ ದಾರಿ. ಹೋಗಿ, ಮಾತಾಡಿ, ಬರುವಷ್ಟರಲ್ಲಿ ಅರ್ಧ ಗಂಟೆ. ಹಚ್ಚಿದ ಕಾಂಪೌಂಡು ಅಷ್ಟರಲ್ಲಿ ಗಟ್ಟಿಯಾಗುತ್ತದೆ. ಮತ್ತೆ ತೊಳೆದು, ಮತ್ತೆ ಹಚ್ಚಿ, ಮತ್ತೆ ಉಜ್ಜಬೇಕು. ಐದಕ್ಕೆ ಆಗುವುದಿಲ್ಲ. ಅಲ್ಲದೆ ಹೋಗಿ ಏನು ಹೇಳಲಿ? ಅವರು ಕೇಳುವುದು ಒಂದೇ, ಮೂಲೆ ಉಳಿಯಿತೇ ಎಂದು. ಅದು ಗೊತ್ತಾಗುವುದು ಐದು ಗಂಟೆಗೆ. ಅವರು ಕಂಪನಿಗೆ ಹೇಳಬೇಕಾದದ್ದು ಬೆಳಗಾದರೆ. ಹಿಂದಿನ ಶುಕ್ರವಾರ ಲೈನು ಸಿಕ್ಕದೆ ಬರೀ ಗೊರಗೊರ ಕೇಳಿ ವಾಪಸು ಬಂದಿದ್ದೆ. ಹದಿನಾಲ್ಕು ದಿನವಾಗಿತ್ತು ಅವರ ದನಿ ಕೇಳಿ. ಓಡಿಹೋಗಿ ಬರೀ ‘ಬನ್ನಿ’ ಎಂದುಬಿಡಲೇ ಅನ್ನಿಸಿತು. ಮೂಲೆ ಇರಲಿ ಬಿಡಲಿ, ಬನ್ನಿ. ಮಶೀನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡದ್ದೂ ಹೌದು.

ಮತ್ತೆ ಎತ್ತಿಕೊಂಡೆ.

“ನೀವೋಗಿ,” ಎಂದೆ. “ನಾನು ಬರಕ್ಕಾಗಲ್ಲ ಅನ್ನಿ. ಕೆಲಸ ನಡೀತಾ ಐತೆ, ಮೂಲೆ ಎಲ್ಗೂ ಓಗಲ್ಲ ಅನ್ನಿ.”

“ಐದು ಗಂಟೆಗೆ ಗೊತ್ತಾಗೋದ ನಾಕು ಗಂಟೆಗೆ ಎಂಗವ್ವಾ ಏಳ್ಲಿ?”

“ಏಳಿ ಅಂದ್ನಲ್ಲ.”

ಮೇಸ್ತ್ರಿ ಪಂಚೆ ಎತ್ತಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಅರ್ಧ ಓಟದಲ್ಲಿ ಹೋದರು. ನಾಲ್ಕು ಹೊಡೆಯುವಾಗ ನಾನು ಬಾನೆಟ್ಟಿನ ನಡುಭಾಗದಲ್ಲಿದ್ದೆ. ಈಗ ಗಂಟೆ ಬಾರಿಸಿರುತ್ತದೆ, ಈಗ ಎತ್ತಿರುತ್ತಾರೆ, ಈಗ ನನ್ನನ್ನು ಕೇಳಿರುತ್ತಾರೆ ಎಂದು ಮಶೀನಿನ ಸದ್ದಿನೊಳಗೇ ಎಣಿಸಿಕೊಳ್ಳುತ್ತಿದ್ದೆ. ಕಣ್ಣು ಮಂಜಾದರೂ ಕೈ ತಪ್ಪಲಿಲ್ಲ. ಬೆನ್ನುಗೈಗೆ ಪ್ಯಾಡು ಬಿಸಿ ಅನ್ನಿಸಿದಾಗ ನಿಲ್ಲಿಸಿ ತೊಳೆದೆ. ಅವಸರದಲ್ಲಿ ಒಂದು ನೀರು ಕಮ್ಮಿ ಮಾಡೋಣ ಎಂದುಕೊಂಡು, ಬೇಡವೆಂದು ಪೂರ್ತಿ ತೊಳೆದೆ.

ಮೇಸ್ತ್ರಿ ಏದುಸಿರು ಬಿಡುತ್ತಾ ಬಂದರು. “ಏಳ್ದೆ. ಬಲೇ ಖುಷಿ ಆಯ್ತಂತೆ. ಬರೋ ಶುಕ್ರವಾರ ಮಾಡ್ತಾನಂತೆ.”

“ಬತ್ತೀನಿ ಅಂದ್ರಾ?”

“ಖುಷಿಯಾಗವ್ನೆ ಅಂದ್ನಲ್ಲವ್ವ, ಇನ್ನೇನು!”

ಐದಕ್ಕೆ ಐದು ನಿಮಿಷವಿದ್ದಾಗ ಟೇಪೆಲ್ಲ ಕಿತ್ತು, ಕಾರನ್ನು ಬಿಸಿಲಿಗೆ ತಳ್ಳಿ ನಿಲ್ಲಿಸಿದೆವು. ಟ್ಯಾಕ್ಸಿಯವರು ಬಂದು ಸುತ್ತ ನೋಡಿದರು. ಬಾನೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಓರೆಯಾಗಿ ನೋಡಿದರು. ಒಂದು ಗೆರೆಯಿಲ್ಲ, ಒಂದು ಬಳೆಯಿಲ್ಲ. ಮೋಡ ಹೋಗುತ್ತಿರುವುದು ಕಾಣುತ್ತಿತ್ತು. ಬಗ್ಗಿ ಮೂಸಿದರು.

“ಬೀಡಿ ಬುಟ್‌ಬುಟ್ಟೈತೆ ಕಣವ್ವ,” ಎಂದರು, ಈ ಸಲ ನಗುತ್ತಾ. “ಬರೋ ಶುಕ್ರವಾರ ಓಮ್ನಿ ಕಳಿಸ್ತೀನಿ. ಆಮೇಲೆ ಒಂದೊಂದಾಗಿ ಎಲ್ಲಾ.”

ಅವರು ಹೋದ ಮೇಲೆ ಮೇಸ್ತ್ರಿ ಸುತ್ತಿಗೆ ತೆಗೆದುಕೊಂಡು ಮೂಲೆಯ ಗೋಡೆಗೆ ಒಂದು ಮೊಳೆ ಹೊಡೆದರು. “ನಿನ್ ಪ್ಯಾಡು ಆರಾಕಕ್ಕೆ,” ಎಂದರು. ಆ ವಾರ ನಾನು ಮನೆಯ ಮುಂದಿನ ಕೋಣೆಗೆ ಸುಣ್ಣ ಬಳಿದೆ. ಅವರ ಟ್ರಂಕ್ ಇಡಲು ಮಂಚದ ಕೆಳಗೆ ಜಾಗ ಮಾಡಿದೆ. ಅತ್ತೆ ನೋಡಿಯೂ ನೋಡದಂತೆ ಇದ್ದರು. ಅವರಿಗೂ ಆಸೆಯಿತ್ತು.

ಮುಂದಿನ ಶುಕ್ರವಾರ ಬೂತಿಗೆ ಮೂರೂವರೆಗೇ ಹೋಗಿ ಕುಳಿತೆ. ನಾಲ್ಕಕ್ಕೆ ಸರಿಯಾಗಿ ಗಂಟೆ ಬಾರಿಸಿತು.

“ಮೇಸ್ತ್ರಿ ಎಲ್ಲಾ ಏಳುದ್ರು ಕಣೆ,” ಎಂದರು. ದನಿಯಲ್ಲಿ ಹೆಮ್ಮೆ ತುಂಬಿತ್ತು. “ನನಗಿಂತ ಚೆನ್ನಾಗಿ ಮಾಡ್ತೀಯಂತೆ. ಮೂಲೆ ಎಲ್ಗೂ ಓಗಲ್ಲ, ನಿನ್ ಹೆಂಡ್ತಿ ನೋಡ್ಕತಾವ್ಳೆ ಬುಡ್ಲಾ, ಫೋನಿಗೆ ಬರಕ್ಕೂ ಪುರ್ಸೊತ್ತಿಲ್ಲ ಅವ್ಳಿಗೆ ಅಂದ್ರು. ನಂಗೆ ಎಂಥ ಧೈರ್ಯ ಬಂತು ಗೊತ್ತಾ?”

“ಹೂಂ.”

“ನೀನು ಅಲ್ಲಿ ನಿಂತ್ಕಂಡಿದೀಯ ಅಂದ್ಮೇಲೆ ನಂಗೇನು ಯೋಚ್ನೆ? ಶನಿವಾರ ಸೈನ್ ಮಾಡ್ದೆ ಕಣೆ. ಇನ್ನೆರಡೇ ವರ್ಷ.”

ಬೂತಿನ ಗಾಜಿನ ಮೇಲೆ ಯಾರೋ ಹಚ್ಚಿದ ಸುಣ್ಣದ ಬೆರಳಿನ ಗುರುತಿತ್ತು. ಅದನ್ನು ಸೆರಗಿನಿಂದ ಉಜ್ಜತೊಡಗಿದೆ. ಬೈಯಬೇಕೆಂದು ಬಾಯಿ ತೆರೆದರೆ ಬೇರೆಯೇ ಮಾತು ಬಂತು.

“ಆ ಕಪ್ಪು ಪ್ಯಾಡು ಹೊಸದು ಅಂತ ಯಾಕ್ ಬರ್ದ್ರಿ?”

“ಗೊತ್ತಾಗೋಯ್ತಾ? ಇಲ್ಲಿ ತೊಳ್ಯಲ್ಲ ಕಣೆ. ಒಂದ್ ಗಾಡಿ ಆದ್ಮೇಲೆ ಕಸಕ್ಕಾಕ್ತಾರೆ. ನಿನಗಿರ್ಲಿ ಅಂತ ಎತ್ಕಂಡು ರೂಮ್‌ನಾಗೆ ತೊಳ್ದೆ. ನೀರು ಕಮ್ಮಿ ಇಲ್ಲಿ.”

“ಸರಿಯಾಗಿ ತೊಳ್ದಿರ್ಲಿಲ್ಲ ನೀವು.”

“ಬಂದಾಗ ನೀನೇ ಏಳ್ಕೊಡೀವಂತೆ ಬುಡು,” ಎಂದು ನಕ್ಕರು.

“ಯಾವಾಗ?” ಎಂದೆ.

ಅವತ್ತು ಲೈನು ಎಂದಿಗಿಂತ ಚೆನ್ನಾಗಿತ್ತು. ಅವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ನಾನೇ ಫೋನಿಟ್ಟೆ.

ಶೆಡ್ಡಿಗೆ ವಾಪಸು ಬಂದಾಗ ಟ್ಯಾಕ್ಸಿಯವರ ಓಮ್ನಿ ನಿಂತಿತ್ತು, ಕೆಂಪು ಬಣ್ಣದ್ದು. ಬೆಳಕಿರುವಷ್ಟು ಹೊತ್ತು ಒಂದು ಬಾಗಿಲು ಉಜ್ಜಿದೆ. ಆಮೇಲೆ ಹಿಂದಿನ ನಲ್ಲಿಗೆ ಹೋಗಿ ಕಪ್ಪು ಪ್ಯಾಡನ್ನು ಬಕೆಟ್ಟಿನಲ್ಲಿ ಒತ್ತಿದೆ. ನೀರು ಕೆಂಪಾಯಿತು, ಅದೇ ಕೆಂಪು. ಚೆಲ್ಲಿದೆ. ಮತ್ತೆ ನೀರು ಹಿಡಿದೆ, ಮತ್ತೆ ಒತ್ತಿದೆ, ಮತ್ತೆ ಚೆಲ್ಲಿದೆ. ತಿಳಿಯಾಗುವಾಗ ಏಳು ಬಕೆಟ್ ಆಗಿತ್ತು. ಏಳನ್ನೂ ನಾನೇ ಚೆಲ್ಲಿ, ಪ್ಯಾಡನ್ನು ಮೊಳೆಗೆ ಹಾಕಿ ಕೊನೆಯ ಬಸ್ಸಿಗೆ ಹೋದೆ.